ರಾಣಿ ಪಾತ್ರದವರಿಗೆ ಬಂದ ಕಾಗದ

ಜನವರಿ 6

ಮಹಾಜನಗಳೇ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತ ಹಿರಿಯರೇ, ಜಾಗ ಸಿಗದೆ ಗೋಡೆಗೊರಗಿ ನಿಂತವರೇ, ಮಡಿಲಲ್ಲಿ ಕೂಸು, ಬಾಯಲ್ಲಿ ಮಾತು ತುಂಬಿಕೊಂಡು ಬಂದ ತಾಯಂದಿರೇ, ಎಲ್ಲರೂ ಚಿತ್ತವಿಟ್ಟು ಕೇಳಿ. ಇಗೋ ಪರದೆ ಸರಿಯಿತು. ರಂಗದ ನಡುವೆ ಒಂದು ಮೇಜು, ಮೇಜಿನ ಮುಂದೆ ಅರವತ್ತೊಂದು ವರ್ಷದ ಒಬ್ಬ ನಟ. ತನ್ನ ಒಬ್ಬಳೇ ತಂಗಿಗೆ ಕಾಗದ ಬರೆಯುತ್ತಿದ್ದಾನೆ.

ಪುಟಾಣೀ, ನಗಬೇಡ. ಒಬ್ಬಳಿಗೇ ಬರೆಯುವುದು ನನಗೆ ಬರುವುದಿಲ್ಲ. ಎದುರಿಗೆ ಐನೂರು ಜನ ಇದ್ದಾರೆ ಅಂದುಕೊಂಡರೆ ಮಾತ್ರ ನನ್ನ ಪೆನ್ನಿಗೆ ಗಂಟಲು ಬರುತ್ತದೆ. ನೀನು ನಲವತ್ತೆಂಟಾದರೂ ಪುಟಾಣಿಯೇ ಆಗಿ ಉಳಿದ ಹಾಗೆ, ನಾನು ನಾಟಕ ಕಂಪನಿಯಲ್ಲಿ ಹುಡುಗರಿಗೆ ಮಾತು ಕಲಿಸುವ ಮೇಷ್ಟ್ರಾದರೂ ರಾಜನೇ.

ನಿನ್ನ ಡಿಸೆಂಬರಿನ ಕಾಗದವನ್ನು ಮೂರು ಸಲ ಓದಿದೆ. ಹೆಂಗಸರ ಎದೆಯ ಕ್ಯಾನ್ಸರಿನಿಂದ ತೆಗೆದ ಜೀವಕೋಶಗಳನ್ನು ನೀನು ತಟ್ಟೆಯಲ್ಲಿ ಸಾಕುತ್ತೀಯಂತೆ, ಅವಕ್ಕೆ ಕ್ಯಾರೆಟ್ಟಿನ ಹಳದಿ, ಟೊಮೆಟೊದ ಕೆಂಪು ಉಣಿಸುತ್ತೀಯಂತೆ, ಹೋದ ವಾರ ಒಂದು ಸಾಲು ತಟ್ಟೆಗಳಲ್ಲಿ ಅವು ಬೆಳೆಯುವುದನ್ನೇ ನಿಲ್ಲಿಸಿದವಂತೆ. ನಾನು ನಲವತ್ತು ವರ್ಷ ಮುಖಕ್ಕೆ ಬಣ್ಣ ಹಚ್ಚಿಕೊಂಡು ಬದುಕಿದವನು. ಬಣ್ಣಕ್ಕೆ ಇಷ್ಟು ಶಕ್ತಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುವ ಹೆಣ್ಣುಮಗಳಿಗೆ ಎಡ ಎದೆಯಲ್ಲಿ ಒಂದು ಗಂಟಾಗಿದೆ. ಕಡಲೆಕಾಳಿನಷ್ಟು. ಯಾರಿಗೂ ಹೇಳಿಲ್ಲ, ನನ್ನ ಹತ್ತಿರ ಮಾತ್ರ ಹೇಳಿಕೊಂಡಳು. ಡಾಕ್ಟರ ಮುಂದೆ ರವಿಕೆ ಬಿಚ್ಚಲು ಅವಳಿಗೆ ಸಂಕೋಚ. ಅವಳ ಪರವಾಗಿ ನಾನು ಕೇಳುತ್ತಿದ್ದೇನೆ. ಆ ಹಳದಿ, ಆ ಕೆಂಪು ಬಾಯಿಂದ ತಿಂದರೂ ಎದೆಗೆ ಹೋಗಿ ಮುಟ್ಟುತ್ತದೆಯೇ? ಎಷ್ಟು ತಿನ್ನಬೇಕು, ಎಷ್ಟು ದಿನ?

ಅವಸರದ ಉತ್ತರ ಬೇಕು. ಹೆಂಗಸು ಹೆದರಿದ್ದಾಳೆ.

ನಿನ್ನ ಅಣ್ಣ

ಜನವರಿ 6, ಎರಡನೆಯ ಹಾಳೆ

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಬಣ್ಣದ ಪೆಟ್ಟಿಗೆಯ ತಳದಲ್ಲಿ ಇಡುತ್ತೇನೆ.

ಗಂಟು ರಾಣಿಯದಲ್ಲ, ನನ್ನದು. ಎಡ ಮೊಲೆತೊಟ್ಟಿನ ಕೆಳಗೆ, ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟರೆ ಅದರ ಕ್ಲಿಪ್ಪು ತಾಗುವ ಜಾಗದಲ್ಲಿ. ನವೆಂಬರಿನಲ್ಲಿ ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ನೋವಿಲ್ಲ. ಒತ್ತಿದರೆ ಅತ್ತಿತ್ತ ಜಾರುವುದೂ ಇಲ್ಲ.

ಗಂಡಸಿಗೆ ಇಂಥದ್ದು ಬರುತ್ತದೆಯೇ, ಪುಟಾಣಿ? ಈ ಒಂದು ಸಾಲನ್ನು ಮೊದಲನೆಯ ಹಾಳೆಯಲ್ಲಿ ಬರೆಯಲು ನನ್ನಿಂದ ಆಗಲಿಲ್ಲ. ಇಪ್ಪತ್ತೈದರವರೆಗೆ ನಾನು ರಾಣಿಯಾಗಿದ್ದವನು. ಎದೆಗೆ ಹತ್ತಿ ಕಟ್ಟಿಕೊಂಡು ರಂಗಕ್ಕೆ ಬಂದರೆ ಹಿಂದಿನ ಸಾಲಿನಿಂದ ಶಿಳ್ಳೆ ಬರುತ್ತಿತ್ತು. ಗಂಟಲು ದಪ್ಪ ಮಾಡಿಕೊಂಡು, ಮೀಸೆ ಬಿಟ್ಟು, ರಾಜನಾಗಿ ಆ ಶಿಳ್ಳೆಯ ಬಾಯಿ ಮುಚ್ಚಿಸಲು ಹತ್ತು ವರ್ಷ ಹಿಡಿಯಿತು. ಈಗ ಇದನ್ನು ಹೇಳಿಕೊಂಡರೆ ಮೇಷ್ಟ್ರು ಕಟ್ಟಿಕೊಂಡಿದ್ದ ಹತ್ತಿ ಒಳಗೇ ಉಳಿದುಬಿಟ್ಟಿತು ಅನ್ನುತ್ತಾರೆ. ಅನ್ನುವವರು ಯಾರು ಎಂದೂ ನನಗೆ ಗೊತ್ತು, ಯಾವ ದನಿಯಲ್ಲಿ ಅನ್ನುತ್ತಾರೆ ಎಂದೂ ಗೊತ್ತು.

ಜನವರಿ 15

ಅಣ್ಣಾ,

ನಿನ್ನ ಐನೂರು ಜನರಲ್ಲಿ ನಾಲ್ಕುನೂರ ತೊಂಬತ್ತೊಂಬತ್ತು ಮಂದಿ ಎದ್ದು ಮನೆಗೆ ಹೋದರು. ಉಳಿದಿರುವುದು ನಾನೊಬ್ಬಳೇ. ಸ್ವಲ್ಪ ಮೆಲ್ಲಗೆ ಮಾತಾಡು.

ನನ್ನ ಕೆಲಸದ ಕೋಣೆ ನಿನಗೆ ಇಷ್ಟವಾಗುತ್ತಿತ್ತು, ಥೇಟ್ ನಿನ್ನ ಬಣ್ಣದ ಕೋಣೆಯ ಹಾಗೆ ಇದೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದೇವೆ, ಒಂದೇ ಒಂದು ಮಂದ ಹಳದಿ ದೀಪ. ಬೆಳಕು ಬಿದ್ದರೆ ಈ ಬಣ್ಣಗಳು ಕೆಟ್ಟುಹೋಗುತ್ತವೆ. ಕ್ಯಾರೆಟ್ಟು, ಕುಂಬಳಕಾಯಿಯ ಹಳದಿ, ಟೊಮೆಟೊದ ಕೆಂಪು, ಸೊಪ್ಪಿನ ಹಸಿರಿನ ಹಿಂದೆ ಅಡಗಿ ಕೂತ ಹಳದಿ, ಎಲ್ಲ ಒಂದೇ ವಂಶದವು, ಕ್ಯಾರೊಟಿನಾಯ್ಡ್ ಅನ್ನುತ್ತೇವೆ. ನೀರಿನಲ್ಲಿ ಕರಗಲಿಕ್ಕೆ ಒಲ್ಲವು. ಅದಕ್ಕೇ ಮೊದಲು ಒಂದು ದ್ರಾವಣದಲ್ಲಿ ಕರಗಿಸಿ, ಅದರ ಒಂದೊಂದು ಹನಿಯನ್ನು ಕೋಶಗಳಿಗೆ ಉಣಿಸುತ್ತೇನೆ. ಅಂಗೈಯಷ್ಟೂ ಅಗಲವಿಲ್ಲದ ತಟ್ಟೆಗಳು, ಒಳಗೆ ಗುಲಾಬಿ ಬಣ್ಣದ ನೀರು, ಬೆಚ್ಚಗಿನ ಪೆಟ್ಟಿಗೆ. ಬೆಳಿಗ್ಗೆ ಬಂದು ಮೊದಲು ಮೈಕ್ರೋಸ್ಕೋಪಿನಲ್ಲಿ ಅವುಗಳ ಮುಖ ನೋಡುತ್ತೇನೆ, ನನ್ನ ಮುಖ ನೋಡಿಕೊಳ್ಳುವುದು ಆಮೇಲೆ.

ಹೌದು, ಕೆಂಪು ಹಾಕಿದ ನಾಲ್ಕೂ ತಟ್ಟೆಗಳಲ್ಲಿ ಕೋಶಗಳು ಅರ್ಧಕ್ಕಿಂತ ಕಡಿಮೆ ಬೆಳೆದವು. ಎಣಿಸಿದ್ದನ್ನೇ ಮತ್ತೆ ಎಣಿಸಿದೆ. ಇನ್ನೂ ಮೂರು ಸಲ ಮಾಡಿ ಆಮೇಲೆ ಮಾತಾಡು ಎಂದು ನಮ್ಮ ಲ್ಯಾಬಿನ ಮೇಡಂ ಬೈದರು. ನಿನ್ನ ತಂಗಿ ಅಲ್ಲವೇ, ಬಾಯಿ ತಡೆಯಲಿಲ್ಲ, ಬರೆದುಬಿಟ್ಟೆ.

ಆದರೆ ತಟ್ಟೆ ಬೇರೆ, ಮೈ ಬೇರೆ. ರಕ್ತದಲ್ಲಿ ಈ ಬಣ್ಣ ಹೆಚ್ಚಿರುವ ಹೆಂಗಸರಲ್ಲಿ ಆ ಕಾಯಿಲೆ ಸ್ವಲ್ಪ ಕಡಿಮೆ ಎಂದು ದೊಡ್ಡ ಲೆಕ್ಕಗಳು ಹೇಳುತ್ತವೆ. ಅದು ಬಣ್ಣದ ಗುಣವೋ, ತರಕಾರಿ ಹೆಚ್ಚು ತಿನ್ನುವವರ ಬದುಕಿನ ರೀತಿಯೇ ಬೇರೆಯೋ, ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಆಗಲೇ ಇರುವ ಗಂಟಿಗಂತೂ ಇದು ಮದ್ದಲ್ಲ.

ನಿಮ್ಮ ರಾಣಿಯನ್ನು ಕೇಳಿ ಬರೆ. ವಯಸ್ಸೆಷ್ಟು? ಗಂಟು ನೋಯುತ್ತದೆಯೇ? ಒತ್ತಿದರೆ ಜಾರುತ್ತದೆಯೇ? ತಿಂಗಳ ದಿನಗಳಿಗೆ ಮುಂಚೆ ಉಬ್ಬಿ ಆಮೇಲೆ ಇಳಿಯುತ್ತದೆಯೇ? ಉತ್ತರ ಏನೇ ಇದ್ದರೂ ಡಾಕ್ಟರಿಗೆ ತೋರಿಸಲೇಬೇಕು ಎಂದು ಹೇಳು.

ಪುಟಾಣಿ

ಜನವರಿ 24

ಮಹಾಜನಗಳೇ, ಇದು ವಿಚಾರಣೆಯ ದೃಶ್ಯ. ರಾಣಿ ಕಟಕಟೆಯಲ್ಲಿ ನಿಂತಿದ್ದಾಳೆ, ಸತ್ಯವನ್ನೇ ಹೇಳುತ್ತಾಳೆ.

ವಯಸ್ಸು ಮೂವತ್ತೆಂಟು. ಇಬ್ಬರು ಮಕ್ಕಳಿಗೆ ಹಾಲುಣಿಸಿದವಳು. ಗಂಟು ನೋಯುತ್ತದೆಯೇ ಎಂದರೆ ನೋಯುತ್ತದೆ. ಒತ್ತಿದರೆ ಗೋಲಿಯ ಹಾಗೆ ಜಾರುತ್ತದೆ. ತಿಂಗಳಿಗೊಮ್ಮೆ ಉಬ್ಬುತ್ತದೆ, ನಾಲ್ಕು ದಿನಕ್ಕೆ ಇಳಿಯುತ್ತದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ, ನನ್ನದು ಒಂದಕ್ಷರವೂ ಇಲ್ಲ.

ಅವಳು ಈಗ ಬೆಳಿಗ್ಗೆ ನಾಲ್ಕು ಕ್ಯಾರೆಟ್ಟು, ಸಂಜೆ ನಾಲ್ಕು ಕ್ಯಾರೆಟ್ಟು, ನಡುವೆ ಬೇಯಿಸಿದ ಕುಂಬಳಕಾಯಿ ತಿನ್ನುತ್ತಿದ್ದಾಳೆ. ತಾಲೀಮಿನ ನಡುವೆ ಕರುಂಕರುಂ ಸದ್ದು ಕೇಳಿ, ಕುದುರೆಯ ಪಾತ್ರವನ್ನೂ ಸೇರಿಸಿದರಾ ಎಂದು ಪರದೆಯ ಹಿಂದಿನಿಂದ ಮಾತು ಎತ್ತಿಕೊಡುವ ಪ್ರಾಂಪ್ಟರ್ ಕೇಳಿದ. ಈ ಹಳದಿಯ ಮಾತ್ರೆಯೇ ಔಷಧದಂಗಡಿಯಲ್ಲಿ ಸಿಗುತ್ತದಂತೆ. ಅಗಿಯುವ ಕಷ್ಟ ತಪ್ಪುತ್ತದಲ್ಲ?

ನಿನ್ನ ಅಣ್ಣ

ಜನವರಿ 24, ಎರಡನೆಯ ಹಾಳೆ

ನೋವಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ ಯಾವ ಉತ್ತರ ಒಳ್ಳೆಯದು ಎಂದು ನಿನ್ನ ಪ್ರಶ್ನೆಯ ಧಾಟಿಯಲ್ಲೇ ಇತ್ತು. ಎದುರು ನಟ ಎತ್ತಿಕೊಟ್ಟ ಮಾತನ್ನು ನೆಲಕ್ಕೆ ಬೀಳಿಸುವುದು ನನ್ನ ಜಾಯಮಾನದಲ್ಲೇ ಇಲ್ಲ. ಒಂದು ಪಾತ್ರ ಕೈಗೆ ಬಂದ ಮೇಲೆ ಅದಕ್ಕೆ ಒಳ್ಳೆಯ ಬದುಕು ಕೊಡೋಣ ಅನ್ನಿಸಿತು. ಕೊಟ್ಟೆ. ಬರೆದು ಮುಗಿಸಿ ಓದಿಕೊಂಡರೆ ನನಗೇ ಧೈರ್ಯ ಬಂತು. ಇದೆಂಥ ಹುಚ್ಚು?

ಫೆಬ್ರವರಿ 3

ಅಣ್ಣಾ,

ನಿನ್ನ ಕಾಗದ ಓದಿ ಉಸಿರು ಬಿಟ್ಟೆ. ಆ ವಯಸ್ಸಿಗೆ, ನೋಯುವ, ಜಾರುವ, ತಿಂಗಳಿಗೆ ಏರಿಳಿಯುವ ಗಂಟು ಬಹುಪಾಲು ನಿರುಪದ್ರವಿ. ಈ ತಿಂಗಳೊಳಗೆ ಒಮ್ಮೆ ತೋರಿಸಲಿ, ಎದೆಯ ಮೇಲೆ ಕೈಯಿಟ್ಟು ನಿದ್ದೆ ಮಾಡಲಿ.

ಮಾತ್ರೆ ಮಾತ್ರ ಬೇಡ. ತರಕಾರಿ ಎಷ್ಟಾದರೂ ತಿನ್ನಲಿ. ಹಿಂದೊಮ್ಮೆ ಸಿಗರೇಟು ಸೇದುವವರಿಗೆ ಇದೇ ಹಳದಿಯ ಮಾತ್ರೆಯನ್ನು ವರ್ಷಗಟ್ಟಲೆ ಕೊಟ್ಟು ನೋಡಿದರು, ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂಬ ನಂಬಿಕೆಯಿಂದ. ಹೆಚ್ಚಾಯಿತು. ತಟ್ಟೆಯಲ್ಲಿ ಸಾಧುವಾದದ್ದು ಮಾತ್ರೆಯಲ್ಲಿ ಯಾಕೆ ತಿರುಗಿಬಿತ್ತು ಎಂದು ಇವತ್ತಿಗೂ ವಾದ ನಡೆಯುತ್ತಿದೆ. ನೀನು ಇನ್ನೂ ಸೇದುತ್ತೀಯ ಎಂದು ನನಗೆ ಗೊತ್ತು. ನೀನಂತೂ ಆ ಡಬ್ಬಿಯ ಹತ್ತಿರವೂ ಸುಳಿಯಬೇಡ.

ನಿನಗೊಂದು ವಿಚಿತ್ರ. ಈ ಎದೆಯ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು ಒಬ್ಬ ಗಂಡಸಿರುತ್ತಾನೆ. ಮೊನ್ನೆ ನಮ್ಮ ಕಟ್ಟಡದ ಆಸ್ಪತ್ರೆಗೆ ಒಬ್ಬರು ಬಂದಿದ್ದರು, ಲಾರಿ ಡ್ರೈವರ್. ಒಂದೂವರೆ ವರ್ಷ ಯಾರಿಗೂ ಹೇಳಿರಲಿಲ್ಲವಂತೆ, ನಾಚಿಕೆ. ನೀನು ಇದನ್ನು ನಾಟಕದಲ್ಲಿ ಹಾಕಿದರೆ ಯಾರೂ ನಂಬುವುದಿಲ್ಲ ನೋಡು.

ಪುಟಾಣಿ

ಫೆಬ್ರವರಿ 26

ಮಹಾಜನಗಳೇ, ಇವತ್ತು ಪೀಠಿಕೆ ಗಿಡ್ಡ.

ನಮ್ಮ ರಾಣಿಯ ಅಂಗೈ ಹಳದಿಯಾಗಿದೆ, ಪುಟಾಣಿ. ಅಂಗಾಲೂ ಹಾಗೆಯೇ. ಬಣ್ಣ ಒರೆಸಿಕೊಳ್ಳಲು ಸೋಮಾರಿತನ ಎಂದು ಮನೆಯವರು ನಗುತ್ತಾರೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಇದು ಕಾಮಾಲೆಯೋ, ಅಥವಾ ಔಷಧ ಒಳಗೆ ತಲುಪಿ ಹೊರಗೆ ತೋರುತ್ತಿದೆಯೋ? ಅಂಗೈಗೆ ಬಂದ ಬಣ್ಣ ಎದೆಗೆ ಹೋಗದೆ ಇರುತ್ತದೆಯೇ?

ಅವಳು ದಿನಾ ಬೆಳಿಗ್ಗೆ ಬೆರಳಿಟ್ಟು ನೋಡಿಕೊಳ್ಳುತ್ತಾಳೆ. ಒಂದು ದಿನ ಸಣ್ಣದಾಯಿತು ಅನ್ನಿಸುತ್ತದೆ, ಮರುದಿನ ದೊಡ್ಡದು ಅನ್ನಿಸುತ್ತದೆ. ಸುಳ್ಳು ಹೇಳುತ್ತಿರುವುದು ಬೆರಳೋ ಮನಸ್ಸೋ ತಿಳಿಯುವುದಿಲ್ಲ. ಡಾಕ್ಟರ ಹತ್ತಿರ ಇನ್ನೂ ಹೋಗಿಲ್ಲ. ನಿನ್ನ ಮೂರು ಸಲದ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಿದ್ದಾಳೆ. ಏನಾಯಿತು ಬರೆ. ಎಷ್ಟು ತಟ್ಟೆ ನಿಂತವು?

ನಿನ್ನ ಅತ್ತಿಗೆ ನನಗೆ ಹೊಸ ರಾಜನ ಕೋಟು ಹೊಲಿಯುತ್ತಿದ್ದಾಳೆ. ಎದೆಯ ಸುತ್ತಳತೆಗೆ ಟೇಪು ಹಿಡಿದು ಬಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. “ಏನ್ರೀ ಇದು, ಮೂವತ್ತು ವರ್ಷದಿಂದ ಅಳತೆ ತಗೋತಿದೀನಿ, ಇವತ್ತೇನು ಹೊಸಾ ನಾಚ್ಕೆ” ಅಂದಳು. ಹಳೆಯ ಕೋಟಿನ ಅಳತೆಯೇ ಸಾಕು ಎಂದೆ. ಟೇಪನ್ನು ಕೊರಳಿಗೆ ಹಾಕಿಕೊಂಡು ಒಳಗೆ ಹೋದಳು. ಇದನ್ನು ನಿನಗೆ ಯಾಕೆ ಬರೆದೆನೋ ಗೊತ್ತಿಲ್ಲ.

ನಿನ್ನ ಅಣ್ಣ

ಮಾರ್ಚ್ 14

ಪುಟಾಣಿ,

ಹದಿನಾರು ದಿನವಾಯಿತು, ಕಾಗದವಿಲ್ಲ. ತಟ್ಟೆಗಳು ನಿಂತಿವೆಯೋ, ಬೆಳೆದಿವೆಯೋ? ಯಾವುದಾದರೂ ಸರಿ, ಒಂದು ಸಾಲು ಬರೆ. ರಾಣಿ ದಿನಾ ಕೇಳುತ್ತಾಳೆ.

ಅಣ್ಣ

ಮಾರ್ಚ್ 27

ಅಣ್ಣಾ,

ನಿನ್ನ ಎರಡೂ ಕಾಗದ ಬಂದವು. ಉತ್ತರ ಬರೆಯಲು ಮುಖವಿರಲಿಲ್ಲ.

ಕೆಂಪು ಬಣ್ಣ ಕೋಶಗಳನ್ನು ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದು ನಾನು.

ನಿಧಾನವಾಗಿ ಹೇಳುತ್ತೇನೆ. ಬಣ್ಣ ಕರಗಿಸಲು ಒಂದು ದ್ರಾವಣ ಬೇಕು ಎಂದೆನಲ್ಲ. ಪರೀಕ್ಷೆ ನ್ಯಾಯವಾಗಿರಲಿ ಎಂದು, ಬಣ್ಣವಿಲ್ಲದ ಬರೀ ದ್ರಾವಣದ ಹನಿಯನ್ನು ಬೇರೆ ತಟ್ಟೆಗಳಿಗೆ ಹಾಕಿ, ಎರಡನ್ನೂ ಹೋಲಿಸುತ್ತೇವೆ. ಡಿಸೆಂಬರಿನಲ್ಲಿ ನಾನು ಬಣ್ಣ ಕರಗಿಸಿದ್ದು ಕಪಾಟಿನ ಹಳೆಯ ಬಾಟಲಿಯಿಂದ. ಅದು ತಳ ಕಂಡಿತು, ಬರೀ ಹನಿಗೆ ಹೊಸ ಬಾಟಲಿ ಒಡೆದೆ. ಆ ದ್ರಾವಣ ತೆರೆದಿಟ್ಟು ಹಳತಾದರೆ ಒಳಗೊಳಗೇ ವಿಷವಾಗುತ್ತದೆ ಎಂದು ಬಾಟಲಿಯ ಮೇಲೆಯೇ ಬರೆದಿದೆ. ಮಂದ ದೀಪದಲ್ಲಿ ನಾನು ಓದಲಿಲ್ಲ. ಕೋಶಗಳನ್ನು ಕೊಂದದ್ದು ಕೆಟ್ಟ ದ್ರಾವಣ, ಹೆಸರು ಬಂದದ್ದು ಟೊಮೆಟೊಗೆ.

ಹೊಸ ಬಾಟಲಿಯಿಂದ ಮೂರು ಸಲ ಮಾಡಿದೆ. ಒಂದು ಜಾತಿಯ ಕೋಶಗಳು ಸ್ವಲ್ಪ ನಿಧಾನವಾದವು, ಇನ್ನೊಂದು ಜಾತಿಗೆ ಏನೂ ಆಗಲಿಲ್ಲ. ಕೆಲವು ತಟ್ಟೆಗಳಲ್ಲಿ ಬಣ್ಣ ಕೋಶದ ಒಳಗೆ ಹೋಗದೆ ಕೆಂಪು ಹರಳಾಗಿ ತಳದಲ್ಲಿ ಬಿದ್ದಿತ್ತು. ಇದರಿಂದ ಏನು ತಿಳಿಯಿತು ಎಂದು ಮೇಡಂ ಕೇಳಿದರು. ತಿಳಿಯಲಿಲ್ಲ ಎಂದೆ. “ಸರಿ, ಹಾಗೇ ಬರಿ” ಎಂದರು. ಬೈದಿದ್ದರೆ ವಾಸಿಯಿತ್ತು.

ಅಂಗೈ ಹಳದಿಗೆ ಹೆದರಬೇಡಿ. ಅತಿಯಾಗಿ ಕ್ಯಾರೆಟ್ಟು ತಿಂದರೆ ಹಾಗಾಗುತ್ತದೆ, ಬಿಟ್ಟರೆ ಕೆಲವು ವಾರದಲ್ಲಿ ಹೋಗುತ್ತದೆ. ಕಣ್ಣಿನ ಬಿಳಿ ಬೆಳ್ಳಗಿದ್ದರೆ ಕಾಮಾಲೆಯಲ್ಲ. ಆದರೆ ನನಗೆ ಹೆದರಿಕೆಯಾದದ್ದು ಬೇರೆ. ನನ್ನ ಒಂದು ಕೆಟ್ಟ ಬಾಟಲಿಯನ್ನು ನಂಬಿ ಒಬ್ಬ ಹೆಂಗಸು ಮೂರು ತಿಂಗಳು ಡಾಕ್ಟರ ಬಾಗಿಲು ತುಳಿದಿಲ್ಲ. ನಿನ್ನ ಮೂಲಕ ಹೇಳಿದ್ದು ಸಾಲದು ಎಂದು ನೇರ ಅವರಿಗೇ ಇವತ್ತು ಕಾಗದ ಹಾಕಿದ್ದೇನೆ. ಹೆಸರು ಗೊತ್ತಿರಲಿಲ್ಲ. “ರಾಣಿ ಪಾತ್ರದವರಿಗೆ” ಎಂದು ಬರೆದು ಕಂಪನಿಯ ವಿಳಾಸ ಕೊಟ್ಟೆ. ಕೋಪ ಮಾಡಿಕೊಳ್ಳಬೇಡ.

ಪುಟಾಣಿ

ಏಪ್ರಿಲ್ 6

ಪುಟಾಣಿ,

ಇವತ್ತು ಎದುರಿಗೆ ಯಾರನ್ನೂ ಕೂರಿಸಿಕೊಂಡಿಲ್ಲ. ನೀನೊಬ್ಬಳೇ.

ಈ ಲಕೋಟೆಯಲ್ಲಿ ಹಳೆಯ ಎರಡು ಹಾಳೆಗಳನ್ನೂ ಇಟ್ಟಿದ್ದೇನೆ. ಮೊದಲು ಅವನ್ನು ಓದು, ಆಮೇಲೆ ಇದನ್ನು.

ಓದಿದೆಯಾ? ಬೈಯುವುದನ್ನು ಆಮೇಲೆ ಬೈ. ನಡೆದದ್ದನ್ನು ಕೇಳು.

ನಮ್ಮಲ್ಲಿ ಒಂದು ರೂಢಿ ಇದೆ, ನಿನಗೆ ಗೊತ್ತಿಲ್ಲ. ನಟರ ಹೆಸರಿಗೆ ಬಂದ ಕಾಗದ ಅವರವರ ಕೈಗೆ ಹೋಗುತ್ತದೆ. ಪಾತ್ರದ ಹೆಸರಿಗೆ ಬಂದ ಕಾಗದ ಪ್ರೇಕ್ಷಕರು ಬರೆದದ್ದು, ಅದು ಇಡೀ ಕಂಪನಿಯ ಆಸ್ತಿ. ತಾಲೀಮು ಶುರುವಾಗುವ ಮುಂಚೆ ಪ್ರಾಂಪ್ಟರ್ ರಂಗದ ಮೇಲೆ ನಿಂತು ಎಲ್ಲರಿಗೂ ಓದಿ ಹೇಳುತ್ತಾನೆ. “ರಾಣಿ ಪಾತ್ರದವರಿಗೆ” ಎಂದು ನೋಡಿದ್ದೇ ಎಲ್ಲರೂ ಓಹೋ ಎಂದು ಕೂಗಿದರು. ಯಾರೋ ಮನಸೋತವನು ಬರೆದಿರಬೇಕು ಎಂದು ರಾಣಿಯೂ ಮುಸಿಮುಸಿ ನಕ್ಕಳು.

ಅವನು ಓದಿದ. ಅಮ್ಮಾ, ನಿಮ್ಮ ಎದೆಯ ಗಂಟಿನ ವಿಷಯ ನನ್ನ ಅಣ್ಣ ಬರೆದಿದ್ದಾನೆ ಎಂಬಲ್ಲಿಂದ ಶುರು. ಪ್ರಾಂಪ್ಟರಿಗೆ ಓದುತ್ತಿರುವುದರ ಅರ್ಥ ತಲೆಗೆ ಇಳಿಯುವುದಿಲ್ಲ, ಮೂವತ್ತು ವರ್ಷದ ಅಭ್ಯಾಸ. ನಿಮ್ಮ ಅಂಗೈ ಹಳದಿಯಾಗಿರುವುದು ಕ್ಯಾರೆಟ್ಟಿನಿಂದ, ಆ ಹಳದಿಯನ್ನು ನಂಬಿ ಕೂರಬೇಡಿ ಎಂಬಲ್ಲಿಗೆ ಬಂದ. ರಾಣಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಬೆಳ್ಳಗಿತ್ತು. ಆಮೇಲೆ ತಲೆಯೆತ್ತಿ ನನ್ನ ಕೈ ನೋಡಿದಳು. ನಾನು ಮರದ ಕತ್ತಿ ಹಿಡಿದು ನಿಂತಿದ್ದೆ, ಹಿಡಿಯ ಅಂಚಿನಲ್ಲಿ ಅಂಗೈಯ ಹಳದಿ ಇಣುಕುತ್ತಿತ್ತು.

ಒಂದು ಗಳಿಗೆ, ಅಷ್ಟೇ. ಅವಳು ಎರಡೂ ಮುಷ್ಟಿ ಬಿಗಿದು ಸೆರಗಿನೊಳಗೆ ಸೇರಿಸಿಕೊಂಡು ಹೇಳಿದಳು: “ಹೌದು, ನಂಗೇ. ಯಾರಿಗೂ ಹೇಳ್ಬೇಡಿ ಅಂತ ಮೇಷ್ಟ್ರ ಹತ್ರ ಹೇಳ್ಕೊಂಡಿದ್ದೆ.”

ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು, ಒಬ್ಬಳು ಅತ್ತೇಬಿಟ್ಟಳು. ಕಂಪನಿಯ ಯಜಮಾನರು ಅವಳಿಗೆ ರಜೆ ಕೊಟ್ಟು, ರಾಣಿಯ ಪಾತ್ರಕ್ಕೆ ಇನ್ನೊಬ್ಬಳನ್ನು ತಯಾರು ಮಾಡಿ ಮೇಷ್ಟ್ರೇ ಎಂದು ನನಗೇ ಹೇಳಿದರು. ನಾನು ಹೂಂ ಎಂದೆ. ಪುಟಾಣಿ, ಹೂಂ ಎಂದೆ. ಮೂರು ದಿನ ಇನ್ನೊಬ್ಬಳಿಗೆ ರಾಣಿಯ ಮಾತು ಕಲಿಸಿದೆ. ಹದಿನೈದು ವರ್ಷ ಆ ಪಾತ್ರ ಮಾಡಿದವಳು ಮನೆಯಲ್ಲಿ ಕೂತಿದ್ದಳು, ತನಗಿಲ್ಲದ ಗಂಟಿಗಾಗಿ. ಇದನ್ನು ನಾನು ಹೇಗೆ ಮಾಡಿದೆ ಎಂಬುದು ನನ್ನ ಗಂಟಿಗಿಂತ ಹೆಚ್ಚಾಗಿ ನನಗೆ ಅರ್ಥವಾಗದ್ದು.

ನಿನ್ನೆ ಮಧ್ಯಾಹ್ನ ಅವಳೇ ಬಣ್ಣದ ಕೋಣೆಗೆ ಬಂದಳು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವಳು ಸ್ಟೂಲು ಎಳೆದುಕೊಂಡು ಕೂತು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಹೇಳಿದಳು:

“ಮೇಷ್ಟ್ರೇ, ನಿಮ್ಮ ಗಂಟನ್ನ ಮೂರು ದಿನ ನಾನು ಹೊತ್ತೆ. ಪಾತ್ರ ಹೋದ್ರೆ ಹೋಗ್ಲಿ, ಇನ್ನೊಂದು ತಿಂಗಳು ಬೇಕಾದ್ರೂ ಹೊರ್ತೀನಿ. ಆದ್ರೆ ಡಾಕ್ಟರಿಗೆ ತೋರ್ಸೋಕೆ ನನ್ನ ಹತ್ರ ಅದಿಲ್ಲ. ನಿಮ್ಮ ಹತ್ರ ಇದೆ.”

ನಾನು ಬಣ್ಣದ ಪೆಟ್ಟಿಗೆಯ ತಳದಿಂದ ಆ ಎರಡು ಹಾಳೆಗಳನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

ಸಂಜೆ ತಾಲೀಮಿಗೆ ಎಲ್ಲರೂ ಸೇರಿದಾಗ ಹೇಳಿದೆ. ರಾಣಿಗೆ ಏನೂ ಇಲ್ಲ, ಗಂಟು ನನ್ನದು, ಎದೆಯಲ್ಲಿ ಎಂದೆ. ಆಮೇಲೆ ಒಂದು ನಗು ಬಂತು, ಖಳನ ಪಾತ್ರದವನದು. ಇಷ್ಟು ವರ್ಷ ನಾನು ಹೆದರಿದ್ದು ಆ ನಗುವಿಗೇ. ಒಂದು ಕೆಮ್ಮಿನಷ್ಟು ಉದ್ದವೂ ಇರಲಿಲ್ಲ. ನಕ್ಕವನೇ ಎದ್ದು ಹೋಗಿ ನನಗೆ ಕುರ್ಚಿ ತಂದು ಹಾಕಿದ. ಪ್ರಾಂಪ್ಟರ್ ಮಾತ್ರ ಪುಸ್ತಕ ಹಿಡಿದುಕೊಂಡು, ಈ ಮಾತು ಯಾವ ಅಂಕದಲ್ಲಿದೆ ಎಂದು ಹುಡುಕುವವನ ಹಾಗೆ ನಿಂತಿದ್ದ. ರಾಣಿಗೆ ಪಾತ್ರ ವಾಪಸ್ಸು ಬಂತು.

ಮನೆಗೆ ಬಂದು ನಿನ್ನ ಅತ್ತಿಗೆಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿದಳು, ಗಂಟು ಹಾಕಿದಳು, ಸೂಜಿಯನ್ನು ಕೋಟಿಗೆ ಚುಚ್ಚಿಟ್ಟಳು. “ಐದು ತಿಂಗಳಿಂದ ನೀವು ನನ್ನ ಕಡೆ ತಿರುಗಿ ಮಲಗಿಲ್ಲ. ನನ್ನ ಮೇಲೆ ಮನಸ್ಸು ಹೋಯ್ತು ಅಂದ್ಕೊಂಡಿದ್ದೆ” ಎಂದಳು. ಅವಳು ಮಲಗುವುದು ನನ್ನ ಎಡಕ್ಕೆ. ಆ ಮಗ್ಗುಲಿಗೆ ಹೊರಳಿದರೆ ಅವಳ ಕೈ ತಾಗುತ್ತದೆ ಎಂದು ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ. ಅವಳು ಅಷ್ಟೂ ದಿನ ಒಬ್ಬಳೇ ಅದನ್ನು ಹಾಗೆ ಓದಿಕೊಂಡಿದ್ದಳು. ಆಮೇಲೆ ಅವಳು ಕೈ ಚಾಚಿದಳು, ನಾನು ಸರಿಯಲಿಲ್ಲ. ಎರಡು ಬೆರಳಿನಿಂದ ಮುಟ್ಟಿ, ಬಟ್ಟೆಯ ಗುಣ ನೋಡುವವಳ ಹಾಗೆ ಕಣ್ಣು ಮುಚ್ಚಿ, ಕಡಲೆಕಾಳಲ್ಲ, ಅದಕ್ಕಿಂತ ದೊಡ್ಡದಿದೆ ಎಂದಳು.

ನಿನ್ನ ಕೆಟ್ಟ ಬಾಟಲಿಯ ಬಗ್ಗೆ. ನೀನು ಅಳಬೇಡ. ನಾನು ನಿನಗೆ ಕೊಟ್ಟ ರಾಣಿಯೂ ಕೆಟ್ಟ ಬಾಟಲಿಯೇ. ನೀನು ಸುಳ್ಳು ತಟ್ಟೆ ನೋಡಿ ನನಗೆ ಧೈರ್ಯ ಹೇಳಿದೆ, ನಾನು ಸುಳ್ಳು ಹೆಂಗಸನ್ನು ತೋರಿಸಿ ನಿನ್ನಿಂದ ಧೈರ್ಯ ಹೇಳಿಸಿಕೊಂಡೆ. ಯಾರು ಯಾರಿಗೆ ಮೋಸ ಮಾಡಿದರು ಎಂದು ಕೂತು ಲೆಕ್ಕ ಹಾಕಿದರೆ ಇಬ್ಬರಿಗೂ ತಲೆ ಕೆಡುತ್ತದೆ. ಮಾತ್ರೆಯ ಡಬ್ಬಿ ನಾನು ತಂದಿದ್ದೆ, ಅರ್ಧ ನುಂಗಿಯೂ ಆಗಿತ್ತು. ನೀನು ಬರೆದ ಮೇಲೆ ನಿಲ್ಲಿಸಿದೆ, ಸಿಗರೇಟು ನಿಲ್ಲಿಸಲಿಲ್ಲ. ಕ್ಯಾರೆಟ್ಟಿನಿಂದ ನನಗೆ ಒಳ್ಳೆಯದಾಯಿತೋ, ಕೆಟ್ಟದಾಯಿತೋ, ಏನೂ ಆಗಲಿಲ್ಲವೋ? ನಿನಗೂ ಗೊತ್ತಿಲ್ಲ, ನಿನ್ನ ಮೇಡಂಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹಾಗೇ ಬರೆಯಲು ಹೇಳಿದ ಆ ಮೇಡಂ ದೊಡ್ಡವರು. ನಮ್ಮ ಕಂಪನಿಯಲ್ಲಿ ಅಂಥ ಮಾತಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಇದು ಅದೇ ಕಾಯಿಲೆಯೋ, ಬರೀ ಗಂಟೋ, ನನಗೆ ತಿಳಿಯದು. ಸೂಜಿ ಹಾಕಿ ಚೂರು ತೆಗೆದು ನೋಡುತ್ತಾರಂತೆ, ಬಯಾಪ್ಸಿ ಎಂದು ನೀನು ರಾಣಿಗೆ ಬರೆದ ಕಾಗದದಲ್ಲಿತ್ತು. ಆ ಕಾಗದವನ್ನು ಅವಳು ನನಗೆ ಕೊಟ್ಟಿದ್ದಾಳೆ, ಅದು ಈಗ ಸರಿಯಾದ ಜೇಬಿನಲ್ಲಿದೆ.

ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ನಿನ್ನ ಅತ್ತಿಗೆಯ ಜೊತೆ ದೊಡ್ಡಾಸ್ಪತ್ರೆಗೆ ಹೋಗುತ್ತೇನೆ. ಚೀಟಿ ಬರೆಸುವ ಕಿಟಕಿಯಲ್ಲಿ ಉದ್ದ ಸಾಲು ಇರುತ್ತದೆ, ಎದೆಯ ವಿಭಾಗದ ಸಾಲಿನಲ್ಲಿ ಎಲ್ಲರೂ ಹೆಂಗಸರೇ ಇರುತ್ತಾರೆ, ನಿಮ್ಮ ಹೆಂಡತಿ ಎಲ್ಲಿ ಎಂದು ಗುಮಾಸ್ತ ಕೇಳುತ್ತಾನೆ. ಅವನಿಗೆ ಏನು ಹೇಳಬೇಕೆಂದು ಬರೆದಿಟ್ಟುಕೊಂಡಿದ್ದೇನೆ, ಇಷ್ಟೇ: ರೋಗಿ ನಾನು. ಗಂಡಸು. ವಯಸ್ಸು ಅರವತ್ತೊಂದು. ಎಡ ಎದೆಯಲ್ಲಿ ಗಂಟು, ನೋವಿಲ್ಲ, ಜಾರುವುದಿಲ್ಲ, ಐದು ತಿಂಗಳಾಯಿತು.

ಅಣ್ಣ